ನಾಡುಡುಗೆಯೂ ನಿತ್ಯಜೀವನವೂ

ಅನ್ನ, ವಸ್ತ್ರ, ವಸತಿ ಎಂಬ ಮೂರು ಮನುಷ್ಯನ ಮೂಲ ಅವಶ್ಯಕತೆಗಳೆಂದು ನಾವೆಲ್ಲರೂ ಕೆಳಗಿನ ತರಗತಿಗಳಲ್ಲಿಯೇ ಓದಿದ್ದೇವೆ. ಇವುಗಳಲ್ಲಿ ಅನ್ನವು ಹಸಿವನ್ನು ನೀಗಿಸುತ್ತದೆ. ವಸತಿಯು ಮಳೆಬಿಸಿಲುಗಳಿಂದ ಕಾಪಾಡುತ್ತದೆ. ವಸ್ತ್ರದ ಕಾರ್ಯ ಮಾತ್ರ ಮೈಯನ್ನು ಮುಚ್ಚುವುದರಲ್ಲಿಯೇ ಮುಗಿಯುವುದಿಲ್ಲ. ತೊಟ್ಟವರು ಯಾವ ಸೀಮೆಯವರು, ಯಾವ ಕಸುಬಿನವರು, ಯಾವ ಸಂದರ್ಭಕ್ಕಾಗಿ ಹೊರಟವರು ಎಂಬುದನ್ನು ಅದು ಬಾಯಿ ತೆರೆಯದೆಯೇ ತಿಳಿಸುತ್ತದೆ. ಆದುದರಿಂದಲೇ ಒಂದು ನಾಡಿನ ಉಡುಗೆಯನ್ನು ಆ ನಾಡಿನ ಮೂಕಭಾಷೆ ಎಂದು ಕರೆದರೆ ತಪ್ಪಾಗಲಾರದು.

ವಿದ್ಯಾರ್ಥಿ ಮಿತ್ರರೇ, ಶಾಲೆಗಳ ವಾರ್ಷಿಕೋತ್ಸವವನ್ನು ಒಮ್ಮೆ ನೆನೆದುಕೊಳ್ಳಿರಿ. ವೇಷಭೂಷಣ ಸ್ಪರ್ಧೆಯಲ್ಲಿ ಒಬ್ಬನು ಕೊಡಗಿನ ಕುಪ್ಯವನ್ನು ತೊಟ್ಟು, ಸೊಂಟದ ಚೇಲೆಗೆ ಪೀಚೆಕತ್ತಿಯನ್ನು ಸಿಕ್ಕಿಸಿಕೊಂಡು ಬರುತ್ತಾನೆ. ಒಬ್ಬಳು ಕನ್ನಡಿಬಿಲ್ಲೆಗಳು ಮಿನುಗುವ ಲಂಬಾಣಿ ಲಂಗವನ್ನುಟ್ಟು ಕುಣಿಯುತ್ತಾಳೆ. ಇನ್ನೊಬ್ಬಳು ಇಳಕಲ್ಲ ಸೀರೆಯುಟ್ಟು ರೊಟ್ಟಿಯ ಬುತ್ತಿಯನ್ನು ಹೊತ್ತು ನಡೆಯುತ್ತಾಳೆ. ಸಭೆ ಚಪ್ಪಾಳೆ ತಟ್ಟುತ್ತದೆ. ಮರುದಿನ ಆ ಉಡುಪುಗಳೆಲ್ಲ ಪೆಟ್ಟಿಗೆಗೋ ಬಾಡಿಗೆಯ ಅಂಗಡಿಗೋ ಸೇರುತ್ತವೆ. ಆದರೆ ಅದೇ ಇಳಕಲ್ಲ ಸೀರೆಯನ್ನುಟ್ಟ ಅಜ್ಜಿ ಊರಿನಿಂದ ಬಂದು ಶಾಲೆಯ ಬಾಗಿಲಲ್ಲಿ ನಿಂತರೆ, ಮೊಮ್ಮಕ್ಕಳಲ್ಲಿ ಕೆಲವರಿಗೆ ಏಕೋ ಸಂಕೋಚ! ರಂಗದ ಮೇಲೆ ಮೆಚ್ಚಿದ ಉಡುಪನ್ನು ಬೀದಿಯಲ್ಲಿ ಕಂಡು ನಾಚುವುದು ಯಾವ ನ್ಯಾಯ? ನಾಡುಡುಗೆಯು ಕೇವಲ ಪ್ರದರ್ಶನದ ವಸ್ತುವೇ, ಅಥವಾ ನಿತ್ಯಜೀವನದಲ್ಲಿಯೂ ಅದಕ್ಕೊಂದು ಸ್ಥಾನವುಂಟೇ? ಇದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಯಾವ ನಾಡುಡುಗೆಯೂ ಪ್ರದರ್ಶನಕ್ಕಾಗಿ ಹುಟ್ಟಿದುದಲ್ಲ. ಹವೆ, ಕಸುಬು, ಕೈಗೆ ದೊರೆಯುವ ನೂಲು ಇವು ಮೂರೂ ಸೇರಿ ಅದನ್ನು ರೂಪಿಸಿವೆ. ಕಾಶ್ಮೀರದ ಫಿರನ್ ಅಷ್ಟು ಸಡಿಲವಾಗಿರುವುದು ಸುಮ್ಮನೆ ಅಲ್ಲ. ಚಳಿಗಾಲದಲ್ಲಿ ಕೆಂಡ ತುಂಬಿದ ಕಾಂಗ್ಡಿಯನ್ನು ಅದರೊಳಗೆ ಹಿಡಿದುಕೊಂಡು ಮೈ ಬೆಚ್ಚಗಾಗಿಸಿಕೊಳ್ಳಬೇಕು. ನಮ್ಮ ಕುರುಬರ ಕರಿಯ ಕಂಬಳಿ ರಾತ್ರಿ ಹಾಸಿಗೆ, ಚಳಿಗೆ ಹೊದಿಕೆ, ಮಳೆಗೆ ಕೊಪ್ಪೆ. ಕಚ್ಚೆ ಹಾಕಿ ಉಡುವ ಒಂಬತ್ತು ಗಜದ ಸೀರೆಯಲ್ಲಿ ಹೆಂಗಸರು ಹೊಲದ ಕೆಸರಿನಲ್ಲಿ ನಡೆಯಬಲ್ಲರು, ಭಾರ ಹೊರಬಲ್ಲರು. ಭೂತಾನದ ಗಂಡಸರು ತೊಡುವ ಘೋ ಎಂಬ ನಿಲುವಂಗಿಯನ್ನು ಮೊಳಕಾಲಿನವರೆಗೆ ಎತ್ತಿ ನಡುಪಟ್ಟಿಯಿಂದ ಬಿಗಿದಾಗ, ಎದೆಯ ಮುಂದೆ ದೊಡ್ಡದೊಂದು ಚೀಲವೇ ಏರ್ಪಡುತ್ತದೆ. ಹಿಂದೆ ಊಟದ ಬಟ್ಟಲನ್ನು ಇಟ್ಟುಕೊಳ್ಳುತ್ತಿದ್ದ ಆ ಜಾಗದಲ್ಲಿ ಇಂದು ಮೊಬೈಲು ಕುಳಿತಿದೆ. ಉಪಯೋಗ ಬದಲಾಯಿತು, ಉಡುಪು ಉಳಿಯಿತು.

ನಮ್ಮ ಮುಂಬಯಿಗೂ ಕನ್ನಡ ನಾಡಿಗೂ ಸಮಾನವಾದ ಒಂದು ಉಡುಪನ್ನೇ ತೆಗೆದುಕೊಳ್ಳೋಣ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ನೇಯುವ ಸೀರೆಗೆ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಪ್ರತ್ಯೇಕವಾಗಿ ಅಣಿಮಾಡಿ, ಎಳೆಗೆ ಎಳೆಯನ್ನು ಕೊಂಡಿಯಂತೆ ಸಿಕ್ಕಿಸಿ ಕೂಡಿಸುತ್ತಾರೆ. ಇದಕ್ಕೆ ತೋಪು ತೆನಿ ಎಂದು ಹೆಸರು. ಕೆಂಪು ಸೆರಗಿನ ಮೇಲೆ ಕೋಟೆಯ ತೆನೆಗಳನ್ನೂ ಬಾಚಣಿಗೆಯ ಹಲ್ಲುಗಳನ್ನೂ ಹೋಲುವ ಬಿಳಿಯ ಚಿತ್ತಾರ ಮೂಡುತ್ತದೆ. ಅಂಚಿನ ದಡಿಗಳಿಗೆ ಚಿಕ್ಕಿ ಪರಾಸ್, ಗೋಮಿ, ಗಾಯತ್ರಿ ಮುಂತಾದ ಹೆಸರುಗಳಿವೆ. ಇದರ ಜೊತೆಗೆ ತೊಡುವ ಕುಬಸಕ್ಕೆ ಗುಳೇದಗುಡ್ಡದ ಖಣ. ಸೀರೆಯ ಮೇಲೆ ಕಸೂತಿಯಾದರಂತೂ ಅದು ಒಂದು ಗಣಿತಪಾಠವೇ ಸರಿ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ, ಬರಿಯ ಎಳೆಗಳನ್ನು ಎಣಿಸಿ, ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಿಂದ ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆಗಳನ್ನು ಮೂಡಿಸುತ್ತಾರೆ. ಗವಂತಿ, ಮುರ್ಗಿಗಳಲ್ಲಿ ಬಟ್ಟೆಯ ಎರಡು ಮಗ್ಗುಲೂ ಒಂದೇ ಬಗೆಯಾಗಿ ಕಾಣುವುದು ವಿಶೇಷ.

ಈ ಸೀರೆಯನ್ನು ಮಹಾರಾಷ್ಟ್ರದ ಹೆಂಗಸರೂ ಬಹುಕಾಲದಿಂದ ಉಡುತ್ತ ಬಂದಿದ್ದಾರೆ. ಅವರ ಬಾಯಲ್ಲಿ ಅದು ‘ಇರಕಲಿ’. ಖಣವು ಅವರಲ್ಲಿಯೂ ಖಣವೇ. ಕನ್ನಡದ ಮಗ್ಗದಲ್ಲಿ ನೇಯ್ದುದನ್ನು ಮರಾಠಿ ಮಾತನಾಡುವ ನೆರೆಮನೆಯವರು ಉಟ್ಟರೆ ಅದು ಪರಕೀಯವೆನಿಸುವುದಿಲ್ಲ. ಭಾಷೆಗಿರುವ ಎಲ್ಲೆ ಬಟ್ಟೆಗಿಲ್ಲ. ಹಾಗೆಯೇ ಕಚ್ಛದ ಅಜ್ರಖ್ ಬಟ್ಟೆಯ ಅಂಗಿಯನ್ನು ನಾವು ತೊಡಬಹುದು. ನೀಲಿ ಮತ್ತು ಮಂಜಿಷ್ಠದ ಬಣ್ಣಗಳಲ್ಲಿ ಮರದ ಅಚ್ಚುಗಳಿಂದ ಅದನ್ನು ಮುದ್ರಿಸುತ್ತಾರೆ. ೨೦೦೧ರ ಭೂಕಂಪದ ತರುವಾಯ ಧಮಡಕಾ ಗ್ರಾಮದ ನೀರಿನ ಗುಣವೇ ಕೆಟ್ಟು ಬಣ್ಣಗಳು ಸರಿಯಾಗಿ ಕೂಡದಾದಾಗ, ಅಲ್ಲಿಯ ಖತ್ರಿ ಮನೆತನಗಳಲ್ಲಿ ಅನೇಕವು ಭುಜ್ ಪಟ್ಟಣದ ಸಮೀಪಕ್ಕೆ ಬಂದು ಅಜ್ರಖಪುರವೆಂಬ ಹೊಸ ಊರನ್ನೇ ಕಟ್ಟಿದವು. ಈ ಸಂಗತಿಯನ್ನು ಅರಿತು ಆ ಅಂಗಿಯನ್ನು ತೊಟ್ಟರೆ, ಅದರ ನೀಲಿಯಲ್ಲಿ ಜನರ ಛಲವೂ ಕಾಣುತ್ತದೆ.

ಇನ್ನು, ನಾಡುಡುಗೆ ಉಳಿಯುವುದು ಹೇಗೆ, ಅಳಿಯುವುದು ಹೇಗೆ ಎಂಬುದಕ್ಕೆ ಇತಿಹಾಸದಲ್ಲಿ ಸ್ಪಷ್ಟವಾದ ಪಾಠಗಳಿವೆ. ಸ್ಕಾಟ್ಲೆಂಡಿನ ಬೆಟ್ಟಗಾಡಿನ ಜನರು ಚೌಕುಳಿಯ ಉಣ್ಣೆಯ ಪ್ಲೇಡನ್ನೂ ಕಿಲ್ಟನ್ನೂ ದಿನಬಳಕೆಗೆ ಧರಿಸುತ್ತಿದ್ದರು. ೧೭೪೬ರ ಕಲೋಡನ್ ಕಾಳಗದಲ್ಲಿ ಅವರ ದಂಗೆ ಮುರಿದುಬಿದ್ದ ಮೇಲೆ, ಬ್ರಿಟಿಷ್ ಪಾರ್ಲಿಮೆಂಟು ಆ ಉಡುಪನ್ನು ನಿಷೇಧಿಸಿ ಕಾನೂನು ಮಾಡಿತು. ಮೊದಲ ಸಲ ಸಿಕ್ಕಿಬಿದ್ದವರಿಗೆ ಆರು ತಿಂಗಳ ಸೆರೆಮನೆ. ಎರಡನೆಯ ಸಲವಾದರೆ ಏಳು ವರ್ಷಗಳ ದೇಶಾಂತರ ಶಿಕ್ಷೆ. ಸೈನ್ಯದ ದಳಗಳಿಗೆ ಮಾತ್ರ ವಿನಾಯಿತಿಯಿತ್ತು. ೧೭೮೨ರಲ್ಲಿ ಕಾನೂನು ರದ್ದಾಯಿತು. ಆದರೆ ಅಷ್ಟರಲ್ಲಿ ಒಂದು ತಲೆಮಾರೇ ಕಳೆದುಹೋಗಿತ್ತು. ಸಾಮಾನ್ಯ ಜನರ ನಿತ್ಯದ ರೂಢಿ ತಪ್ಪಿಹೋಗಿತ್ತು. ಆ ಬಳಿಕ ಕಿಲ್ಟು ಗೌರವದ ಉಡುಪಾಗಿ, ಮದುವೆ ಮೆರವಣಿಗೆಗಳ ಉಡುಪಾಗಿ ಮರಳಿ ಬಂದಿತೇ ಹೊರತು, ದನ ಮೇಯಿಸುವವನ ದಿನನಿತ್ಯದ ಉಡುಪಾಗಿ ಮರಳಲಿಲ್ಲ. ಉಡುಪಿನ ರೂಢಿ ಕಡಿದುಹೋಗಲು ಒಂದು ತಲೆಮಾರು ಸಾಕು ಎಂಬುದೇ ಇದರ ನೀತಿ. ನಮ್ಮಲ್ಲಿ ಯಾರೂ ನಿಷೇಧದ ಕಾನೂನು ಮಾಡಿಲ್ಲ. ಆದರೆ ನಾಚಿಕೆಯೂ ಒಂದು ಕಾನೂನಿನಂತೆಯೇ ಕೆಲಸ ಮಾಡಬಲ್ಲದು.

ಹಾಗೆಂದು ಕಡ್ಡಾಯ ಮಾಡಿದರೆ ಕಾರ್ಯ ಕೈಗೂಡುವುದೇ? ಭೂತಾನದಲ್ಲಿ ಘೋ, ಕೀರಾ ಉಡುಪುಗಳು ಇಂದಿಗೂ ಶಾಲೆ ಕಚೇರಿಗಳಲ್ಲಿ ಜೀವಂತವಾಗಿವೆ. ಅಲ್ಲಿಯ ಮಕ್ಕಳ ಸಮವಸ್ತ್ರವೂ ಅದೇ. ಇದು ಸಂತೋಷದ ವಿಷಯ. ಆದರೆ ೧೯೮೯ರಲ್ಲಿ ಆ ಉಡುಪನ್ನು ಸಕಲ ಪ್ರಜೆಗಳಿಗೂ ಕಡ್ಡಾಯಗೊಳಿಸಿದಾಗ, ದಕ್ಷಿಣ ಭಾಗದ ನೇಪಾಳಿ ಭಾಷಿಕರು ತಮ್ಮತನವನ್ನೇ ಕಸಿದುಕೊಂಡರೆಂದು ನೊಂದರು. ಇತರ ಕಾರಣಗಳೊಡನೆ ಈ ನೋವೂ ಸೇರಿ, ಮುಂದಿನ ವರ್ಷಗಳಲ್ಲಿ ಸಾವಿರಾರು ಜನರು ದೇಶ ಬಿಡುವಂತಾಯಿತು. ಒಬ್ಬರ ಹೆಮ್ಮೆಯ ಉಡುಪು ಬಲವಂತವಾದೊಡನೆ ಇನ್ನೊಬ್ಬರಿಗೆ ಭಾರವಾಗುತ್ತದೆ.

ನಿಷೇಧವೂ ಬೇಡ, ಬಲವಂತವೂ ಬೇಡವೆಂದರೆ ಉಳಿದ ದಾರಿ ಯಾವುದು? ಇಷ್ಟಪಟ್ಟು ತೊಡುವುದು, ಕಾಲಕ್ಕೆ ತಕ್ಕಂತೆ ರೂಪವನ್ನು ಹೊಂದಿಸಿಕೊಳ್ಳುವುದು. ಇಂಡೋನೇಷ್ಯ ದೇಶದವರು ಈ ದಾರಿಯಲ್ಲಿ ನಡೆದಿದ್ದಾರೆ. ಅವರ ಬಾಟಿಕ್ ಬಟ್ಟೆಗೆ ಚಾಂಟಿಂಗ್ ಎಂಬ ಪುಟ್ಟ ತಾಮ್ರದ ಕೊಳವೆಯಿಂದ ಕರಗಿದ ಮೇಣವನ್ನು ಸುರಿದು ಚಿತ್ರ ಬರೆಯುತ್ತಾರೆ. ಮೇಣವಿದ್ದಲ್ಲಿ ಬಣ್ಣ ಹಿಡಿಯದು. ಅನಂತರ ಮೇಣವನ್ನು ಬಿಸಿನೀರಿನಲ್ಲಿ ತೆಗೆದಾಗ ಚಿತ್ರ ಹೊಳೆಯುತ್ತದೆ. ಹಿಂದೆ ಇದು ಸುತ್ತಿಕೊಳ್ಳುವ ವಸ್ತ್ರವಾಗಿತ್ತು. ಈಗ ಅದರಿಂದಲೇ ಉದ್ದ ತೋಳಿನ ಅಂಗಿಗಳನ್ನು ಹೊಲಿಸಿ, ಗುಮಾಸ್ತರಿಂದ ಮಂತ್ರಿಗಳವರೆಗೆ ಎಲ್ಲರೂ ಕಚೇರಿಗೆ ತೊಟ್ಟುಹೋಗುತ್ತಾರೆ; ಶುಕ್ರವಾರಗಳಲ್ಲಂತೂ ಇದು ವಾಡಿಕೆಯೇ ಆಗಿದೆ. ೨೦೦೯ರ ಅಕ್ಟೋಬರ್ ೨ರಂದು ಯುನೆಸ್ಕೋ ಸಂಸ್ಥೆಯು ಈ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಹೊಲಿಗೆಯ ರೂಪ ಬದಲಾದರೂ ಕೈಯ ವಿದ್ಯೆ ಉಳಿದುಕೊಂಡಿತು. ಯುಕ್ರೇನ್ ದೇಶದಲ್ಲಿಯೂ ಹೀಗೆಯೇ. ೨೦೦೬ರಲ್ಲಿ ಚೆರ್ನಿವ್ಟ್ಸಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ವಿಶಿವಾಂಕಾ ಎಂಬ ತಮ್ಮ ಕಸೂತಿಯ ಅಂಗಿಯನ್ನು ಹಬ್ಬವಲ್ಲದ ಸಾಮಾನ್ಯ ದಿನದಲ್ಲಿ ತೊಟ್ಟು ತರಗತಿಗೆ ಬರುವ ಪದ್ಧತಿಯನ್ನು ಆರಂಭಿಸಿದರು. ಮೇ ತಿಂಗಳ ಮೂರನೆಯ ಗುರುವಾರದ ಈ ಆಚರಣೆ ಇಂದು ದೇಶವಿದೇಶಗಳಲ್ಲಿ ಹರಡಿದೆ. ಅದನ್ನು ಪ್ರಾರಂಭಿಸಿದವರು ಅರಸರಲ್ಲ, ಮಂತ್ರಿಗಳಲ್ಲ. ನಮ್ಮಂತೆಯೇ ಪುಸ್ತಕ ಹಿಡಿದು ಓಡಾಡುವವರು ಎಂಬುದನ್ನು ಗಮನಿಸಿರಿ.

ಅನ್ಯರ ಉಡುಪನ್ನು ತೊಡುವಾಗ ಕೆಲವು ವಿಷಯಗಳನ್ನು ಅರಿತಿರಬೇಕಾದುದು ಸೌಜನ್ಯ. ಜಪಾನಿನ ಕಿಮೋನೋವಿನಲ್ಲಿ ಎಡಮಗ್ಗುಲು ಬಲಮಗ್ಗುಲಿನ ಮೇಲೆ ಬರುವಂತೆ ಸುತ್ತಿಕೊಳ್ಳಬೇಕು. ಅದಕ್ಕೆ ವಿರುದ್ಧವಾಗಿ ಸುತ್ತುವುದು ಶವಸಂಸ್ಕಾರದಲ್ಲಿ ಮಾತ್ರ. ನಾಗಾಲ್ಯಾಂಡಿನ ಆವೋ ಜನರಲ್ಲಿ, ನಡುವಿನ ಬಿಳಿಯ ಪಟ್ಟಿಯ ಮೇಲೆ ಆನೆ, ಹುಲಿ, ಮಿಥುನ್‌ಗಳ ಚಿತ್ರಗಳಿರುವ ಒಂದು ಶಾಲು ಇದೆ. ಹಿಂದೆ ಯುದ್ಧದಲ್ಲಿ ಪರಾಕ್ರಮ ಮೆರೆದವರು, ಅಥವಾ ಮಿಥುನ್ ಎಂಬ ಜಾನುವಾರುಗಳನ್ನು ಬಲಿಯಿತ್ತು ಊರಿಗೆ ಔತಣ ಮಾಡಿಸಿದವರು ಮಾತ್ರ ಅದನ್ನು ಹೊದೆಯಬಹುದಾಗಿತ್ತು. ಪದಕವನ್ನು ಗಳಿಸದೆ ಎದೆಗೆ ಸಿಕ್ಕಿಸಿಕೊಳ್ಳುವುದು ಸರಿಯಲ್ಲವಷ್ಟೆ? ತಿಳಿದವರನ್ನು ಕೇಳಿ ತೊಟ್ಟರೆ ಯಾರಿಗೂ ಬೇಸರವಾಗದು. ಕೇಳಿದ ಮಾತ್ರಕ್ಕೆ ಸ್ನೇಹವೂ ಬೆಳೆಯುತ್ತದೆ.

ಉಡುಪಿನ ಹಿಂದೆ ಒಂದು ಜೊತೆ ಕೈಗಳಿರುವುದನ್ನೂ ಮರೆಯಲಾಗದು. ಮಂಗಳೂರಿನಲ್ಲಿ ೧೯೦೩ರಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು, ೧೯೫೨ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಳಿಯ ಮೊದಲ ಅಧ್ಯಕ್ಷರಾಗಿ, ಕುಶಲಕರ್ಮಿಗಳ ಮನೆಬಾಗಿಲಿಗೆ ಹೋಗಿ ಅವರ ವಿದ್ಯೆಗೆ ಮಾರುಕಟ್ಟೆಯನ್ನು ಹುಡುಕಿಕೊಟ್ಟರು. ಸ್ವದೇಶಿ ಚಳವಳಿಯ ನೆನಪಿಗಾಗಿ ೨೦೧೫ರಿಂದ ಆಗಸ್ಟ್ ೭ನ್ನು ರಾಷ್ಟ್ರೀಯ ಕೈಮಗ್ಗ ದಿನವೆಂದು ಆಚರಿಸುತ್ತಿದ್ದೇವೆ. ಆದರೂ ಕೈಮಗ್ಗದ ಚಿತ್ತಾರವನ್ನು ಯಂತ್ರದಲ್ಲಿ ಅಗ್ಗವಾಗಿ ಅಚ್ಚೊತ್ತಿ ಮಾರುವ ಸರಕು ಪೇಟೆಯನ್ನು ತುಂಬಿದೆ. ಅಚ್ಚೊತ್ತಿದ ‘ಕಸೂತಿ’ಯ ಬಟ್ಟೆಯನ್ನು ಮಗುಚಿ ನೋಡಿದರೆ ಹಿಂಬದಿಯಲ್ಲಿ ಹೊಲಿಗೆಯ ಎಳೆಯೇ ಇರದು, ನಿಜವಾದ ಕಸೂತಿಯಲ್ಲಿ ದುಡಿದ ದಾರ ಕಾಣುತ್ತದೆ. ಅಗ್ಗದ ನಕಲನ್ನು ಕೊಂಡರೆ ನಮಗೆ ಚಿತ್ತಾರ ದೊರೆಯುತ್ತದೆ, ನೇಕಾರನಿಗೆ ಕೂಲಿ ದೊರೆಯುವುದಿಲ್ಲ. ಮಗ್ಗ ನಿಂತ ಮೇಲೆ ನೇಕಾರನ ಮಗನು ಬೇರೆ ಕೆಲಸ ಹುಡುಕುತ್ತಾನೆ. ಅಲ್ಲಿಗೆ ವಿದ್ಯೆಯ ಸರಪಳಿ ಕಡಿಯಿತು.

ಕೈಮಗ್ಗದ ಬಟ್ಟೆ ದುಬಾರಿಯಲ್ಲವೇ ಎಂದು ನೀವು ಕೇಳಬಹುದು. ನಿಜ, ಒಮ್ಮೆಗೆ ಕೊಡುವ ಹಣ ಹೆಚ್ಚು. ಆದರೆ ಹತ್ತು ಅಗ್ಗದ ಅಂಗಿಗಳ ಬದಲು ಎರಡು ಒಳ್ಳೆಯವು ಸಾಕೆಂಬುದು ಹಿರಿಯರ ಲೆಕ್ಕ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಗಳನ್ನು ಎಸೆಯದೆ, ಪದರ ಪದರವಾಗಿ ಹೊಲಿದು ಕೌದಿ ಮಾಡುತ್ತಾರೆ. ಅಜ್ಜಿಯುಟ್ಟ ಸೀರೆ ಮೊಮ್ಮಗುವಿನ ಹಾಸಿಗೆಯಾಗುತ್ತದೆ. ಸಮವಸ್ತ್ರವಿರುವಾಗ ಇದೆಲ್ಲ ಹೇಗೆ ಎಂಬುದು ಇನ್ನೊಂದು ಪ್ರಶ್ನೆ. ಶಾಲೆಯ ನಿಯಮವನ್ನು ಮುರಿಯಬೇಕಾಗಿಲ್ಲ. ಪ್ರಯೋಗಶಾಲೆಯ ಬೆಂಕಿಯ ಬಳಿ ಇಳಿಬಿಟ್ಟ ಸೆರಗು ಅಪಾಯಕರವೂ ಹೌದು. ಆದರೆ ಭಾನುವಾರದ ಪೇಟೆಗೆ ಖಣದ ಕುಬಸ, ಗೆಳೆಯನ ಮನೆಗೆ ಹೋಗುವಾಗ ಅಜ್ರಖ್ ಅಂಗಿ, ಮಳೆಗಾಲದ ತಂಪಿಗೆ ಕೈಮಗ್ಗದ ಹೊದಿಕೆ, ಇವುಗಳಿಗೆ ಯಾವ ನಿಯಮವೂ ಅಡ್ಡಬಾರದು.

ಮಿತ್ರರೇ, ಹೊಸ ಬಟ್ಟೆ ಕೊಳ್ಳುವುದಕ್ಕೆ ಮುಂಚೆ ಮಾಡಬಹುದಾದ ಕೆಲಸವೊಂದಿದೆ; ಅದಕ್ಕೆ ಕಾಸಿನ ಖರ್ಚಿಲ್ಲ. ಇಂದು ಸಂಜೆ ಮನೆಯ ಹಿರಿಯರನ್ನು ಕೇಳಿರಿ: ಈ ಸೀರೆಯ ಹೆಸರೇನು, ಈ ದಡಿಗೆ ಏನೆನ್ನುತ್ತಾರೆ, ಇದನ್ನು ಎಲ್ಲಿ ನೇಯುತ್ತಾರೆ, ಇದನ್ನು ಉಡುವುದು ಹೇಗೆ? ಅವರು ಹೇಳಿದುದನ್ನು ಬರೆದಿಡಿರಿ. ನಿಮ್ಮ ಮಗ್ಗುಲಲ್ಲಿ ಕುಳಿತ ತಮಿಳು, ಮರಾಠಿ, ಗುಜರಾತಿ ಗೆಳೆಯರ ಮನೆಯವರನ್ನೂ ಹಾಗೆಯೇ ಕೇಳಿರಿ. ಹೆಸರು ತಿಳಿದ ಬಟ್ಟೆಯನ್ನು ಕಂಡು ಯಾರೂ ನಗಲಾರರು. ಹೆಸರು ತಿಳಿಯದಿದ್ದರೆ ಮಾತ್ರ ಅದು ನಮಗೆ ಬರಿಯ ವೇಷವಾಗಿ ಕಾಣುತ್ತದೆ.