ಕಲ್ನಾರಿನ ಸೂರು ಇಳಿಸುವಾಗ

ಕಬ್ಬಿಣದ ಕಾರ್ಖಾನೆಯ ಸುತ್ತ ಬೆಳೆದ ಭದ್ರಾವತಿಯಲ್ಲಿಯೂ ನೆರೆಯ ಶಿವಮೊಗ್ಗದಲ್ಲಿಯೂ ಮಂಗಳೂರು ಹೆಂಚಿನ ಜೊತೆಗೆ ಕಾಣುವ ಹಳೆಯ ಸಿಮೆಂಟ್ ಶೀಟುಗಳಲ್ಲಿ ಸಾಮಾನ್ಯವಾಗಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಎಂಬ ನಾರುರೂಪದ ಖನಿಜ, ಬೆರೆತಿರುತ್ತದೆ. ಶೀಟು ಗಟ್ಟಿಯಾಗಿರುವಷ್ಟು ಕಾಲ ಅಪಾಯ ಕಡಿಮೆ. ಒಡೆದಾಗ, ಕೊರೆದಾಗ ಏಳುವ ಕಣ್ಣಿಗೆ ಕಾಣದ ಎಳೆಗಳು ಶ್ವಾಸಕೋಶದಲ್ಲಿ ನೆಲೆಸಿ, ದಶಕಗಳ ನಂತರ ಕ್ಯಾನ್ಸರಿಗೂ, ಶ್ವಾಸಕೋಶ ಗಡುಸಾಗುವ ಆಸ್ಬೆಸ್ಟೋಸಿಸ್ ಕಾಯಿಲೆಗೂ ಕಾರಣವಾಗಬಲ್ಲವು. ಆದ್ದರಿಂದ ಸುತ್ತಿಗೆಯಿಂದ ಚಚ್ಚಿ ಕೆಡವುವ ರೂಢಿಯನ್ನು (ಕೂಲಿ ಉಳಿಸುವ ಈ ಲೆಕ್ಕ ಬಲು ದುಬಾರಿಯದು) ಬಿಟ್ಟು, ನೀರು ಚಿಮುಕಿಸಿ, ಬೋಲ್ಟು ಬಿಚ್ಚಿ, ಇಡೀ ಶೀಟನ್ನೇ ಇಳಿಸಬೇಕು. ಬಟ್ಟೆಯ ಮುಖಗವಸು ಸಾಲದು. ಸೂಕ್ಷ್ಮ ಧೂಳನ್ನು ಸೋಸುವ, ಮುಖಕ್ಕೆ ಬಿಗಿಯಾಗಿ ಕೂರುವ ರೆಸ್ಪಿರೇಟರ್ ಬೇಕು. ಹಳೆಯ ಶೀಟು ಕಾಲಿಟ್ಟರೆ ಮುರಿಯುವುದರಿಂದ ಹಲಗೆ ಹಾಸಿಯೇ ನಡೆಯಬೇಕು. ಚೂರುಗಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಕಟ್ಟಿಡಬೇಕು.