ಪರದೆ ತುಂಬ ಹಸಿರಿದ್ದರೆ ನೆಟ್‌ವರ್ಕ್ ಸರಿಯಿದೆಯೇ?

ನೆಟ್‌ವರ್ಕ್ ಸಾಮಾನು ಕೊಳ್ಳುವ ಯಾವುದೇ ಟೆಂಡರ್ ದಾಖಲೆ ತೆರೆದು ನೋಡಿ. ಸ್ವಿಚ್, ರೂಟರ್‌ಗಳಿಗೆ ಏನೇನಿರಬೇಕು ಎಂಬ ಪಟ್ಟಿಯಲ್ಲಿ ಒಂದು ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ: ‘ಎಸ್‌ಎನ್‌ಎಂಪಿ ವಿ1, ವಿ2ಸಿ, ವಿ3 ಸಪೋರ್ಟ್ ಇರಬೇಕು.’ ಮಾರುವವರು ಪಕ್ಕದ ಕಾಲಂನಲ್ಲಿ ‘ಯೆಸ್’ ಎಂದು ತುಂಬುತ್ತಾರೆ, ಕೊಳ್ಳುವವರು ನಿಶ್ಚಿಂತರಾಗುತ್ತಾರೆ. ಸಾಮಾನು ಬಂದು, ಮೊದಲೇ ಇದ್ದ ಮಾನಿಟರಿಂಗ್ ಸಾಫ್ಟ್‌ವೇರ್‌ಗೆ ಸೇರಿಸಿದ ಮೇಲೆ ತಕರಾರು ಶುರು. ಪೋರ್ಟ್‌ಗಳು ಕಾಣುತ್ತವೆ, ಸಿಪಿಯು ಕಾಣುವುದಿಲ್ಲ. ಫ್ಯಾನ್ ನಿಂತರೂ ಅಲಾರಂ ಇಲ್ಲ. ಸಾಧನದ ಹೆಸರಿರಬೇಕಾದ ಕಡೆ ‘ಅನ್‌ನೋನ್’ ಎಂದು ಕೂತಿರುತ್ತದೆ.

ಆಫೀಸುಗಳಲ್ಲಿ ಎಲ್ಲರೂ ಎನ್‌ಎಂಎಸ್ ಎಂದು ಕರೆಯುವ ಈ ಸಾಫ್ಟ್‌ವೇರ್ ಬಗ್ಗೆ ಇರುವ ತಪ್ಪು ತಿಳಿವಳಿಕೆಗಳಲ್ಲಿ ಇದೇ ದೊಡ್ಡಣ್ಣ: ‘ಎರಡೂ ಕಡೆ ಎಸ್‌ಎನ್‌ಎಂಪಿ ಇದ್ದರೆ ಹೊಂದಿಕೊಳ್ಳುತ್ತದೆ.’ ವಾಸ್ತವದಲ್ಲಿ ಎಸ್‌ಎನ್‌ಎಂಪಿ ಎಂದರೆ ಪ್ರಶ್ನೆ ಕೇಳಿ ಉತ್ತರ ಪಡೆಯುವ ಕ್ರಮ, ಅಷ್ಟೇ. ಅದರ ಮೊದಲ ಆರ್‌ಎಫ್‌ಸಿ, ಅಂದರೆ ಇಂಟರ್ನೆಟ್ ನಿಯಮಗಳ ದಾಖಲೆ, ಬಂದದ್ದು 1988ರಲ್ಲಿ. ಏನನ್ನು ಕೇಳಬಹುದು ಎಂಬುದು ಮಿಬ್ ಎನ್ನುವ ಬೇರೆ ಕಡತಗಳಲ್ಲಿರುತ್ತದೆ. ಪೋರ್ಟ್, ಟ್ರಾಫಿಕ್‌ನಂಥ ಸಾಮಾನ್ಯ ಸಂಗತಿಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಮಿಬ್ ಉಂಟು. ಸಿಪಿಯು, ಮೆಮೊರಿ, ಪವರ್ ಸಪ್ಲೈ ವಿಷಯಕ್ಕೆ ಬಂದರೆ ಬಹುಪಾಲು ಅವರವರ ಮನೆಯದೇ ಕಾರುಬಾರು. 1.3.6.1.4.1 ಎಂಬ ಕೊಂಬೆಯ ಕೆಳಗೆ ಪ್ರತಿ ಕಂಪನಿಗೂ ಒಂದು ಸಂಖ್ಯೆ ಹಂಚಿದ್ದಾರೆ: ಸಿಸ್ಕೋಗೆ 9, ಎಚ್‌ಪಿಗೆ 11, ಹುವಾವೇಗೆ 2011, ಜುನಿಪರ್‌ಗೆ 2636. ಸಿಸ್ಕೋ ತನ್ನ ಸಿಪಿಯು ಲೆಕ್ಕವನ್ನು 9ರ ಕೆಳಗಿನ ಯಾವುದೋ ರೆಂಬೆಯಲ್ಲಿ ಇಟ್ಟಿದ್ದರೆ, ಜುನಿಪರ್‌ನದು 2636ರ ಕೆಳಗೆ ಇನ್ನೆಲ್ಲೋ ಇದೆ. ನಿಮ್ಮ ಎನ್‌ಎಂಎಸ್‌ಗೆ ಆ ವಿಳಾಸ ಗೊತ್ತಿಲ್ಲದಿದ್ದರೆ ಅದು ಕೇಳುವುದೇ ಇಲ್ಲ. ಕೇಳದ ಪ್ರಶ್ನೆಗೆ ಸ್ವಿಚ್ ತಾನಾಗಿ ಉತ್ತರ ಕೊಡುವುದೂ ಇಲ್ಲ.

ಹಾಗಾಗಿ ಟೆಂಡರಿನ ಆ ಸಾಲಿನಿಂದ ನನ್ನ ಪ್ರಕಾರ ಕಾಸಿನ ಪ್ರಯೋಜನವಿಲ್ಲ. ಯಾವ ಮಾಡೆಲ್, ಯಾವ ಫರ್ಮ್‌ವೇರ್, ಅದರಲ್ಲಿ ಯಾವ ಯಾವ ಮಿಬ್ ಎಂದು ಬರೆಸಿಕೊಳ್ಳಬೇಕು. ಎನ್‌ಎಂಎಸ್ ಕಂಪನಿಯ ‘ಸಪೋರ್ಟೆಡ್ ಡಿವೈಸ್’ ಪಟ್ಟಿಯನ್ನೂ ಹಾಗೆಯೇ ಓದಬೇಕು. ಟ್ರಾಫಿಕ್ ನೋಡುವುದಕ್ಕೆ ಸಪೋರ್ಟ್ ಇದ್ದ ಮಾಡೆಲ್‌ಗೆ ಕಾನ್ಫಿಗರೇಷನ್ ಬ್ಯಾಕಪ್ ತೆಗೆಯಲು ಇಲ್ಲದಿರಬಹುದು. ಬ್ಯಾಕಪ್ ಬಂದರೂ ಫರ್ಮ್‌ವೇರ್ ತುಂಬಲು ಬರದಿರಬಹುದು.

‘ಗ್ರಾಫ್ ಸುಳ್ಳು ಹೇಳಲ್ಲ’ ಎನ್ನುವುದು ಇನ್ನೊಂದು ನಂಬಿಕೆ. ನೀವು ಒಂದು ಗಿಗಾಬಿಟ್ ಲಿಂಕ್‌ಗೆ ಹಣ ಕಟ್ಟುತ್ತಿದ್ದೀರಿ ಎನ್ನಿ. ಬೆಳಗಿನ ಹತ್ತು ಗಂಟೆಗೆ ಎಲ್ಲರೂ ಕೆಲಸಕ್ಕೆ ಕೂತು ನೆಟ್ ನಿಧಾನವಾಗಿದೆ ಎಂದು ಗೊಣಗುವಾಗಲೂ ಗ್ರಾಫ್ 114 ಮೆಗಾಬಿಟ್ ದಾಟುವುದಿಲ್ಲ. ಐಎಸ್‌ಪಿಯವರು ಮೋಸ ಮಾಡುತ್ತಿದ್ದಾರೆ ಎಂದು ಫೋನ್ ಹೋಗುತ್ತದೆ. ಅವರ ಕಡೆಯ ಗ್ರಾಫ್‌ನಲ್ಲಿ 900 ಮೆಗಾಬಿಟ್ ಹರಿಯುತ್ತಿರುತ್ತದೆ. ಇಬ್ಬರೂ ತಮ್ಮ ತಮ್ಮ ಸ್ಕ್ರೀನ್‌ಶಾಟ್ ಹಿಡಿದು ವಾದಕ್ಕಿಳಿಯುತ್ತಾರೆ.

ಸಾಮಾನ್ಯವಾಗಿ ಎನ್‌ಎಂಎಸ್ ಸಾಧನದಿಂದ ಪಡೆಯುವುದು ವೇಗವನ್ನಲ್ಲ, ಪೋರ್ಟ್‌ನಲ್ಲಿ ಇದುವರೆಗೆ ಹಾದುಹೋದ ಬೈಟ್‌ಗಳ ಒಟ್ಟು ಎಣಿಕೆಯನ್ನು. ಕರೆಂಟ್ ಮೀಟರ್ ಓದಲು ಬರುವವರ ಹಾಗೆ ಎನ್‌ಎಂಎಸ್ ಐದು ನಿಮಿಷಕ್ಕೊಮ್ಮೆ ರೀಡಿಂಗ್ ಬರೆದುಕೊಂಡು, ಹಿಂದಿನದನ್ನು ಕಳೆದು, ಬಂದದ್ದನ್ನು 300 ಸೆಕೆಂಡಿನಿಂದ ಭಾಗಿಸಿ ಗ್ರಾಫ್‌ಗೆ ಒಂದು ಚುಕ್ಕಿ ಇಡುತ್ತದೆ. ಟೋಬಿಯಾಸ್ ಓಟಿಕರ್ ಬರೆದು 1995ರಲ್ಲಿ ಹೊರಬಂದ ಎಂಆರ್‌ಟಿಜಿಯೂ ಇದೇ ಐದು ನಿಮಿಷದ ಲೆಕ್ಕದಲ್ಲಿ ನಡೆಯುತ್ತಿತ್ತು. ಹೊರಜಗತ್ತಿಗೆ 64 ಕಿಲೋಬಿಟ್‌ನ ಒಂದೇ ಲೈನ್ ಇದ್ದ ಕಡೆ ಹುಟ್ಟಿದ ಸಾಫ್ಟ್‌ವೇರ್ ಅದು. ಆ ಕಾಲಕ್ಕೆ ಐದು ನಿಮಿಷ ಧಾರಾಳವಾಯಿತು.

ಆದರೆ ಹಳೆಯ ಎಣಿಕೆಗೆ ಸಾಧನದಲ್ಲಿ ಕೊಟ್ಟ ಜಾಗ 32 ಬಿಟ್. 429,49,67,295 ಮುಟ್ಟಿದ ಮೇಲೆ ಅದು ಸೊನ್ನೆಗೆ ಮರಳುತ್ತದೆ. ಪೂರ್ತಿ ಹರಿಯುವ 10 ಮೆಗಾಬಿಟ್ ಲಿಂಕ್‌ನಲ್ಲಿ ಇಷ್ಟು ಬೈಟ್ ಆಗಲು ಸುಮಾರು 57 ನಿಮಿಷ ಬೇಕು. 100 ಮೆಗಾಬಿಟ್‌ನಲ್ಲಿ 5 ನಿಮಿಷ 43 ಸೆಕೆಂಡ್ ಹಿಡಿಯುತ್ತದೆ, ಅಂದರೆ ರೀಡಿಂಗ್ ತೆಗೆಯುವ ಅವಧಿಗಿಂತ ಕೂದಲೆಳೆಯಷ್ಟು ಹೆಚ್ಚು. ಗಿಗಾಬಿಟ್‌ನಲ್ಲಿ ಸಾಕಾಗುವುದು ಬರೀ 34 ಸೆಕೆಂಡ್. ಈ ಸಲದ ರೀಡಿಂಗ್ ಹಿಂದಿನದಕ್ಕಿಂತ ಕಡಿಮೆ ಬಂದರೆ ‘ಓಹೋ, ಒಂದು ಸುತ್ತು ಬಂದಿದೆ’ ಎಂದು ಎನ್‌ಎಂಎಸ್ ಊಹಿಸಬಲ್ಲದು. ಐದು ನಿಮಿಷದೊಳಗೆ ಎಂಟು ಸುತ್ತು ಬಂದರೆ ಏಳು ಸುತ್ತು ಲೆಕ್ಕಕ್ಕೇ ಸಿಗುವುದಿಲ್ಲ. ಒಂದೇ ಸುತ್ತಿನ 429 ಕೋಟಿ ಬೈಟನ್ನು 300 ಸೆಕೆಂಡಿಗೆ ಹಂಚಿ ನೋಡಿ: 114 ಮೆಗಾಬಿಟ್ ಚಿಲ್ಲರೆ. ಗ್ರಾಫ್‌ನ ತಲೆಗೆ ತಗುಲುವ ಸೂರು ಅದೇ. ಐಎಸ್‌ಪಿಗೂ ಅದಕ್ಕೂ ಸಂಬಂಧವಿಲ್ಲ.

ಇದಕ್ಕೆ ಪರಿಹಾರ ಎಂದೋ ಬಂದಿದೆ. 2000ದಲ್ಲಿ ಬಂದ ಆರ್‌ಎಫ್‌ಸಿ 2863, 20 ಮೆಗಾಬಿಟ್‌ಗಿಂತ ವೇಗದ ಪೋರ್ಟ್‌ಗಳಿಗೆ 64 ಬಿಟ್‌ನ ಬೈಟ್ ಎಣಿಕೆ ಇರಲೇಬೇಕು ಎನ್ನುತ್ತದೆ. ಸೆಕೆಂಡಿಗೆ ಒಂದು ಟೆರಾಬಿಟ್ ಹರಿದರೂ ಅದು ಸುತ್ತು ಬರಲು ನಾಲ್ಕೂವರೆ ವರ್ಷಕ್ಕಿಂತ ಹೆಚ್ಚು ಬೇಕು. ಇಲ್ಲೊಂದು ಕೊಕ್ಕೆ ಇದೆ: ಎಸ್‌ಎನ್‌ಎಂಪಿ ವಿ1ರಲ್ಲಿ 64 ಬಿಟ್ ಸಂಖ್ಯೆ ಎಂಬ ಪ್ರಕಾರವೇ ಇಲ್ಲ. ಸಾಧನ ಸೇರಿಸುವಾಗ ಡ್ರಾಪ್‌ಡೌನ್‌ನಲ್ಲಿ ಯಾರೋ ‘ವಿ1’ ಎಂದು ಬಿಟ್ಟಿದ್ದರೆ ಹೊಸ ಸ್ವಿಚ್ ಕೂಡ ಹಳೆಯ ಲೆಕ್ಕವನ್ನೇ ಒಪ್ಪಿಸುತ್ತದೆ. ಪೋರ್ಟ್‌ನ ವೇಗ ಹೇಳುವ ಹಳೆಯ ಅಂಕಿಗೂ ಇದೇ 32 ಬಿಟ್‌ನ ಮಿತಿ. 10 ಗಿಗಾಬಿಟ್ ಪೋರ್ಟನ್ನು 4.29 ಗಿಗಾಬಿಟ್ ಎಂದು ತೋರಿಸುವ, ಬಳಕೆ ಶೇಕಡಾ 180 ಎಂದು ಕೆಂಪು ಅಲಾರಂ ಹೊಡೆಯುವ ಎನ್‌ಎಂಎಸ್ ಕಂಡರೆ, ಅದು ಮೆಗಾಬಿಟ್ ಲೆಕ್ಕದ ಹೊಸ ಅಂಕಿಯನ್ನು ಓದುತ್ತಿಲ್ಲ ಎಂದು ಖಚಿತವಾಗಿ ಹೇಳಬಹುದು.

ಗ್ರಾಫ್‌ನ ಇನ್ನೊಂದು ಚೇಷ್ಟೆ ಚಿಕ್ಕದು, ಆದರೆ ತಲೆ ಕೆಡಿಸುವಂಥದ್ದು. ಎನ್‌ಎಂಎಸ್ ಪೋರ್ಟನ್ನು ಗುರುತಿಸುವುದು ಹಲವೊಮ್ಮೆ ಹೆಸರಿನಿಂದಲ್ಲ, ಒಳಗಿನ ಒಂದು ಕ್ರಮಸಂಖ್ಯೆಯಿಂದ. ಹೊಸ ಕಾರ್ಡ್ ಹಾಕಿ ರೀಬೂಟ್ ಮಾಡಿದಾಗ ಆ ಸಂಖ್ಯೆ ಬದಲಾಗಬಹುದು. ಆಗ ಮಂಗಳೂರು ಲಿಂಕ್ ಎಂಬ ಗ್ರಾಫ್‌ನಲ್ಲಿ ಹುಬ್ಬಳ್ಳಿಯ ಟ್ರಾಫಿಕ್ ಓಡುತ್ತಿರುತ್ತದೆ. ಸಂಖ್ಯೆ ಸ್ಥಿರವಾಗಿರಲಿ ಎಂದು ಹೇಳುವ ಕಮಾಂಡ್ ಹಲವು ಸಾಧನಗಳಲ್ಲಿದೆ, ಹಾಕಿರುವವರು ಕಡಿಮೆ.

ಮತ್ತೊಂದು ನಂಬಿಕೆ: ‘ಅಪ್‌ಟೈಮ್ ಸೊನ್ನೆಯಾಗಿದೆ, ಅಂದರೆ ರಾತ್ರಿ ಪವರ್ ಹೋಗಿ ರೂಟರ್ ರೀಬೂಟ್ ಆಗಿದೆ.’ ಆಗಿರಬಹುದು, ಆಗದೆಯೂ ಇರಬಹುದು. ಸಿಸ್‌ಅಪ್‌ಟೈಮ್ ಎಂಬ ಅಂಕಿ ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಏರುತ್ತದೆ. ಅದಕ್ಕೂ ಇರುವುದು 32 ಬಿಟ್ಟೇ. ಹಾಗಾಗಿ 497 ದಿನ ಕಳೆದ ಮೇಲೆ, ಏನೂ ಆಗದಿದ್ದರೂ, ಅದು ಸೊನ್ನೆಗೆ ಬರುತ್ತದೆ. ಒಂದೇ ದಿನ ಅಳವಡಿಸಿದ ಇಪ್ಪತ್ತು ಸ್ವಿಚ್‌ಗಳು ಒಂದೇ ದಿನ ‘ರೀಬೂಟ್’ ಆದವೆಂದು ಎನ್‌ಎಂಎಸ್ ಬೊಬ್ಬೆ ಹಾಕಿದರೆ, ಎಲೆಕ್ಟ್ರಿಷಿಯನ್‌ನನ್ನು ಕರೆಸುವ ಮೊದಲು ಕ್ಯಾಲೆಂಡರ್ ನೋಡುವುದು ಒಳ್ಳೆಯದು. ಅಲ್ಲದೆ ಈ ಅಂಕಿ ಹೇಳುವುದು ನಿರ್ವಹಣೆಯ ಭಾಗ ಶುರುವಾಗಿ ಎಷ್ಟು ಹೊತ್ತಾಯಿತು ಎಂಬುದನ್ನು. ಸಾಧನ ಆನ್ ಆಗಿ ಎಷ್ಟು ಹೊತ್ತಾಯಿತು ಎಂಬುದನ್ನಲ್ಲ. (ಇದೇ ಜಾತಿಯ ತೊಂದರೆ ವಿಮಾನವನ್ನೂ ಬಿಟ್ಟಿಲ್ಲ. ಬೋಯಿಂಗ್ 787ರ ವಿದ್ಯುತ್ ವ್ಯವಸ್ಥೆಯನ್ನು 248 ದಿನ ಸತತ ಚಾಲೂ ಇಟ್ಟರೆ ಜನರೇಟರ್ ನಿಯಂತ್ರಕಗಳು ಕೈಕೊಡಬಹುದೆಂದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2015ರಲ್ಲಿ ಎಚ್ಚರಿಸಿತ್ತು. 497ರ ಅರ್ಧ 248.)

ಎಸ್‌ಎನ್‌ಎಂಪಿ ವಿ3 ಹಾಕಿಬಿಟ್ಟರೆ ಭದ್ರತೆಯ ಚಿಂತೆ ಮುಗಿಯಿತು ಎನ್ನುವವರಿಗೆ ಎರಡು ಮಾತು. ವಿ3ರಲ್ಲಿ ಪಾಸ್‌ವರ್ಡ್ ಪರೀಕ್ಷೆಯೂ ಗೂಢಲಿಪಿಯೂ ಇಲ್ಲದ ಒಂದು ಹಂತವಿದೆ; ಹಾಗೆ ಇಟ್ಟರೂ ಟೆಂಡರ್ ಲೆಕ್ಕದಲ್ಲಿ ಅದು ವಿ3ಯೇ. ಎರಡನೆಯದು ಹೊಂದಾಣಿಕೆಯ ವಿಷಯ. 2004ರ ಆರ್‌ಎಫ್‌ಸಿ 3826 ವಿ3ಗೆ ಎಇಎಸ್ ಗೂಢಲಿಪಿಯ 128 ಬಿಟ್ ಕೀಲಿಯನ್ನು ಮಾತ್ರ ನಿಗದಿ ಮಾಡಿತು. 256 ಬೇಕೆಂದವರು ಕೀಲಿಯನ್ನು ಉದ್ದ ಮಾಡುವ ತಮ್ಮದೇ ದಾರಿ ಹಿಡಿದರು, ಎರಡು ದಾರಿ ಬಳಕೆಗೆ ಬಂದವು. ಆದ್ದರಿಂದಲೇ ಝ್ಯಾಬಿಕ್ಸ್‌ನಂಥ ಸಾಫ್ಟ್‌ವೇರ್‌ನ ಪಟ್ಟಿಯಲ್ಲಿ ‘ಎಇಎಸ್256’ ಮತ್ತು ‘ಎಇಎಸ್256ಸಿ’ ಎಂದು ಎರಡು ಕಾಣುತ್ತವೆ. ಎರಡನೆಯದು ಸಿಸ್ಕೋ ಬಳಸುವ ಕ್ರಮ. ಬಳಕೆದಾರನ ಹೆಸರು ಸರಿ, ಪಾಸ್‌ವರ್ಡ್ ಸರಿ, ಎರಡೂ ಕಡೆ ಎಇಎಸ್ 256 ಎಂದೇ ಬರೆದಿದೆ, ಆದರೂ ಸಾಧನ ಮಾತಾಡುವುದಿಲ್ಲ. ಪಾಸ್‌ವರ್ಡನ್ನು ಮತ್ತೆ ಮತ್ತೆ ಟೈಪ್ ಮಾಡಿ ದಿನ ಕಳೆಯುವ ಬದಲು ಆ ಒಂದು ‘ಸಿ’ ಬದಲಿಸಿ ನೋಡಬೇಕು.

ಇನ್ನು ಅಪ್‌ಗ್ರೇಡ್. ‘ಹೊಸ ಆವೃತ್ತಿ ಹಳೆಯದನ್ನೂ ಸಂಭಾಳಿಸುತ್ತದೆ’ ಎಂಬ ಭರವಸೆ ವರ್ಡ್, ಎಕ್ಸೆಲ್ ಕಡತಗಳಿಂದ ಬಂದದ್ದಿರಬೇಕು. ನೆಟ್‌ವರ್ಕ್ ಜಗತ್ತಿನಲ್ಲಿ ಹೊಸದು ಹಳೆಯದರ ಕೈ ಬಿಡುವುದೇ ಹೆಚ್ಚು, ಅದೂ ಬೇಕೆಂದೇ. ದುರ್ಬಲವಾದ ಗೂಢಲಿಪಿ ವಿಧಾನಗಳನ್ನು, ದೂರದಿಂದ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಒಂದೊಂದಾಗಿ ನಿಲ್ಲಿಸುತ್ತ ಬಂದಿದೆ: 2015ರ 7.0 ಆವೃತ್ತಿಯಲ್ಲಿ ಕೆಲವು, 2021ರ 8.8ರಲ್ಲಿ ಶಾ-1 ಆಧಾರದ ಆರ್‌ಎಸ್‌ಎ ಸಹಿ. ಎನ್‌ಎಂಎಸ್ ಕೂತಿರುವ ಲಿನಕ್ಸ್ ಸರ್ವರನ್ನು ಹೊಸದು ಮಾಡಿದ ಮರುದಿನ ಹಳೆಯ ಸ್ವಿಚ್‌ಗೆ ಲಾಗಿನ್ ಆಗಲು ಹೋದರೆ ‘ನೋ ಮ್ಯಾಚಿಂಗ್ ಕೀ ಎಕ್ಸ್‌ಚೇಂಜ್ ಮೆಥಡ್ ಫೌಂಡ್’ ಎಂಬ ಸಾಲು ಎದುರಾಗುತ್ತದೆ. ಸ್ವಿಚ್ ಕೆಟ್ಟಿಲ್ಲ, ಪಾಸ್‌ವರ್ಡ್ ಬದಲಾಗಿಲ್ಲ. ಇಬ್ಬರಿಗೂ ಗೊತ್ತಿರುವ ವಿಧಾನ ಒಂದೂ ಉಳಿದಿಲ್ಲ.

ಮನುಷ್ಯ ಲಾಗಿನ್ ಆಗಲು ಹೋದರೆ ಈ ಸಾಲಾದರೂ ಕಾಣುತ್ತದೆ. ರ‍್ಯಾನ್ಸಿಡ್, ಆಕ್ಸಿಡೈಸ್ಡ್‌ನಂಥ ಸಾಫ್ಟ್‌ವೇರ್ ತಾವೇ ಲಾಗಿನ್ ಆಗಿ ಕಾನ್ಫಿಗರೇಷನ್ ಬ್ಯಾಕಪ್ ತೆಗೆಯುವಾಗ ಅದು ಲಾಗ್ ಕಡತದೊಳಗೆ ಹೋಗಿ ಸೇರುತ್ತದೆ. ಪಿಂಗ್ ಸರಿಯಾಗಿದೆ, ಎಸ್‌ಎನ್‌ಎಂಪಿ ಉತ್ತರ ಬರುತ್ತಿದೆ, ಆದ್ದರಿಂದ ಪರದೆಯ ಮೇಲೆ ಸ್ವಿಚ್ ಹಸಿರು. ಬ್ಯಾಕಪ್ ತಿಂಗಳುಗಟ್ಟಲೆ ಆಗಿಲ್ಲವೆಂದು ಗೊತ್ತಾಗುವುದು ಸ್ವಿಚ್ ಸುಟ್ಟು, ಬದಲಿ ಸ್ವಿಚ್‌ಗೆ ಹಾಕಲು ಕಾನ್ಫಿಗರೇಷನ್ ಹುಡುಕುವ ದಿನ. ಹಳೆಯ ವಿಧಾನವನ್ನು ಆ ಒಂದೆರಡು ಸಾಧನಗಳಿಗಷ್ಟೇ ಬಿಟ್ಟುಕೊಡುವ ಸೆಟ್ಟಿಂಗ್ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಇದೆ. ಇಡೀ ಸರ್ವರಿಗೆ ಅದನ್ನು ತೆರೆದಿಡುವುದು ಸೋಮಾರಿತನ. ಬ್ಯಾಕಪ್ ಕಡತದ ಕೊನೆಯ ತಾರೀಖು ಹಳತಾದರೆ ಅದಕ್ಕೇ ಒಂದು ಅಲಾರಂ ಇಡಬೇಕು.

ಹಾಗಾದರೆ ಅಪ್‌ಗ್ರೇಡ್ ಗೋಜೇ ಬೇಡ, ಸುಮ್ಮನೆ ನೋಡುವ ಸಾಫ್ಟ್‌ವೇರ್‌ನಿಂದ ಅಪಾಯವೇನು ಎನ್ನುವ ವಾದವೂ ಉಂಟು. ಎಲ್ಲ ಸಾಧನಗಳ ವಿಳಾಸ, ಹಲವುಗಳ ಪಾಸ್‌ವರ್ಡ್ ಕೂಡ ಒಂದೇ ಕಡೆ ಇರುವ ಯಂತ್ರ ಅದು. 2002ರ ಫೆಬ್ರವರಿಯಲ್ಲಿ ಫಿನ್ಲೆಂಡಿನ ಊಲು ವಿಶ್ವವಿದ್ಯಾಲಯದವರ ಪರೀಕ್ಷೆಯಿಂದ ಎಸ್‌ಎನ್‌ಎಂಪಿ ವಿ1ರ ಅಳವಡಿಕೆಯಲ್ಲಿ ಹಲವಾರು ಕಂಪನಿಗಳು ಒಂದೇ ಬಗೆಯ ತಪ್ಪು ಮಾಡಿದ್ದು ಬಯಲಾಯಿತು. 2020ರ ಡಿಸೆಂಬರಿನಲ್ಲಿ ಸೋಲಾರ್‌ವಿಂಡ್ಸ್‌ನ ಓರಿಯನ್ ಎಂಬ ಎನ್‌ಎಂಎಸ್‌ನ ಅಪ್‌ಡೇಟ್ ಒಳಗೇ ದಾಳಿಕೋರರು ಹಿಂಬಾಗಿಲು ಇಟ್ಟಿದ್ದು ಗೊತ್ತಾಯಿತು. ಆ ಅಪ್‌ಡೇಟ್ ಸುಮಾರು 18,000 ಗ್ರಾಹಕರನ್ನು ಮುಟ್ಟಿರಬಹುದೆಂದು ಕಂಪನಿಯೇ ಹೇಳಿತು. ಅಪ್‌ಡೇಟ್ ಹಾಕದಿದ್ದರೆ ಒಂದು ಅಪಾಯ, ಹಾಕಿದರೆ ಇನ್ನೊಂದು. ಅದಕ್ಕೇ ಎನ್‌ಎಂಎಸ್ ಸರ್ವರಿಗೆ ಇಂಟರ್ನೆಟ್ಟಿನ ಬಾಗಿಲು ಆದಷ್ಟು ಮುಚ್ಚಿಡುವುದು ವಾಸಿ.

ನೆಟ್‌ಕಾನ್ಫ್ ಎಂಬ ಹೊಸ ನಿರ್ವಹಣಾ ಕ್ರಮ, ಅದರ ಮಾದರಿಗಳನ್ನು ಬರೆಯುವ ಯಾಂಗ್ ಭಾಷೆ ಬಂದ ಮೇಲೆ ಹೊಂದಾಣಿಕೆಯ ಈ ರಗಳೆ ಮುಗಿಯಿತು ಎಂದು ಮಾರಾಟದವರು ಹೇಳುತ್ತಾರೆ. ಅರ್ಧ ನಿಜ. ಆದರೆ ‘ಈ ಮಾದರಿಯಲ್ಲಿ ನಾವು ಇದಿಷ್ಟನ್ನು ಪಾಲಿಸುವುದಿಲ್ಲ’ ಎಂದು ಕಂಪನಿಗಳು ಘೋಷಿಸಿಕೊಳ್ಳಲು ಯಾಂಗ್ ಭಾಷೆಯೊಳಗೇ ಒಂದು ವ್ಯವಸ್ಥೆಯಿದೆ, ‘ಡೀವಿಯೇಷನ್’ ಎಂದು. ಕೊಳ್ಳುವ ಮೊದಲು ಆ ಕಡತವನ್ನು ಕೇಳಿ ಪಡೆಯಿರಿ.

ಕೊನೆಯದು, ಆವೃತ್ತಿಯ ಜೊತೆ ಕಂಪನಿ ಕೊಡುವ ಗೊತ್ತಿರುವ ತೊಂದರೆಗಳ ‘ನೋನ್ ಇಶ್ಯೂಸ್’ ಪಟ್ಟಿಯ ಬಗೆಗಿನ ತಾತ್ಸಾರ. ಪಟ್ಟಿ ಉದ್ದವಿದ್ದರೆ ಸಾಫ್ಟ್‌ವೇರ್ ಕಳಪೆ ಎಂದು ಹಲವರು ತೀರ್ಮಾನಿಸುತ್ತಾರೆ. ಸೋಲನ್ನು ಬರೆದಿಡುವ ಕಂಪನಿಯ ಪಟ್ಟಿ ಉದ್ದವಾಗಿಯೇ ಇರುತ್ತದೆ. ನನಗೆ ಅನುಮಾನ ಬರುವುದು ಎರಡೇ ಸಾಲಿನ ಪಟ್ಟಿ ಕಂಡಾಗ. ಕೆಲವು ತೊಂದರೆಗಳಂತೂ ತಾರೀಖು ಸಮೇತ ಮೊದಲೇ ಗೊತ್ತಿರುತ್ತವೆ. ಸಿಸ್ಕೋ ಸಾಧನಗಳ ಸಾಫ್ಟ್‌ವೇರ್ ಆದ ಐಒಎಸ್‌ನ ಹಳೆಯ ಆವೃತ್ತಿಗಳು ತಾವೇ ತಯಾರಿಸಿಕೊಂಡ ಪ್ರಮಾಣಪತ್ರಗಳ ಆಯಸ್ಸು 2020ರ ಜನವರಿ 1ರ ಮೊದಲ ಕ್ಷಣಕ್ಕೆ, ನಮ್ಮ ಗಡಿಯಾರದಲ್ಲಿ ಬೆಳಗಿನ ಐದೂವರೆಗೆ, ಮುಗಿಯುವಂತೆ ಬರೆದಿತ್ತು. ಆ ಆವೃತ್ತಿಗಳಲ್ಲಿ ಅಂಥ ಹೊಸ ಪತ್ರ ಮಾಡಿಕೊಳ್ಳಲೂ ಆಮೇಲೆ ಬರುತ್ತಿರಲಿಲ್ಲ. ಕಂಪನಿ ಮುಂಚಿತವಾಗಿಯೇ ಸೂಚನೆ ಹೊರಡಿಸಿತ್ತು. ಓದಿದವರು ಆವೃತ್ತಿ ಬದಲಿಸಿಕೊಂಡರು, ಓದದವರಿಗೆ ಹೊಸ ವರ್ಷದ ದಿನ ಕೆಲಸ ಸಿಕ್ಕಿತು.

ಪಟ್ಟಿ ಓದುವಾಗ ಲಕ್ಷಣಕ್ಕಿಂತ ‘ಕಂಡಿಷನ್ಸ್’ ಎಂಬ ಭಾಗದ ಮೇಲೆ ಕಣ್ಣಿಡಬೇಕು. ಯಾವ ಮಾಡೆಲ್, ಯಾವ ಸೆಟ್ಟಿಂಗ್, ಎಷ್ಟು ದಿನ ಸತತ ಓಡಿದ ಮೇಲೆ ಎಂಬುದು ಅಲ್ಲಿ ಸಿಗುತ್ತದೆ. ಭಯಂಕರವಾಗಿ ಕಾಣುವ ಎಷ್ಟೋ ತೊಂದರೆಗಳು ನಿಮ್ಮಲ್ಲಿಲ್ಲದ ಕಾರ್ಡಿಗೆ ಸೇರಿದವು. ಇನ್ನು ಮುಂದಿನ ಆವೃತ್ತಿಯ ‘ರಿಸಾಲ್ವ್ಡ್’ ಪಟ್ಟಿಯನ್ನು, ಆ ಆವೃತ್ತಿ ಹಾಕುವ ಯೋಚನೆ ಇಲ್ಲದಿದ್ದರೂ ಬಿಡದೆ ಓದಬೇಕು. ಅಲ್ಲಿ ಸರಿಪಡಿಸಿದ್ದೇವೆ ಎಂದು ಬರೆದ ತೊಂದರೆಗಳಲ್ಲಿ ಎಷ್ಟೋ ಇವತ್ತು ನೀವು ಓಡಿಸುತ್ತಿರುವ ಆವೃತ್ತಿಯಲ್ಲಿ ಹಾಗೇ ಇವೆ.