‘ಏನೂ ಆಗಿಲ್ರಿ ಸರ್’: ತಲೆಗೆ ಬಿದ್ದ ಪೆಟ್ಟು, ಕಾನೂನು ಮತ್ತು ಶಿಕ್ಷಕರ ಹೊಣೆ

ಬೋಧನಾಭ್ಯಾಸಕ್ಕಾಗಿ ನಾನು ಬೈಲಹೊಂಗಲ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ವಲಯಮಟ್ಟದ ಕ್ರೀಡಾಕೂಟ ಹತ್ತಿರ ಬಂದಿತ್ತು. ದೈಹಿಕ ಶಿಕ್ಷಕರು ಬೇರೆ ಕೆಲಸದ ಮೇಲೆ ಹೋಗಿದ್ದ ದಿನ ಕಬಡ್ಡಿ ಅಭ್ಯಾಸ ನೋಡಿಕೊಳ್ಳುವ ಕೆಲಸ ನನಗೆ ಬಂತು. ರೈಡ್ ಹೋದ ಒಂಬತ್ತನೇ ತರಗತಿಯ ಹುಡುಗನ ಕಾಲನ್ನು ಎದುರು ತಂಡದವರು ಹಿಡಿದೆಳೆದಾಗ ಅವನು ಹಿಂದಕ್ಕೆ ಬಿದ್ದ. ತಲೆ ಗರಸಿನ ನೆಲಕ್ಕೆ ಬಡಿಯಿತು. ರಕ್ತ ಬರಲಿಲ್ಲ, ಎಚ್ಚರವೂ ತಪ್ಪಲಿಲ್ಲ. ಮುಖಕ್ಕೆ ನೀರು ಚಿಮುಕಿಸಿ ಕೇಳಿದೆ. “ಏನೂ ಆಗಿಲ್ರಿ ಸರ್” ಎಂದ. ಮತ್ತೆ ಆಡಲು ಬಿಟ್ಟೆ.

ಮುಂದಿನ ಅವಧಿ ನನ್ನದೇ ವಿಜ್ಞಾನ ಪಾಠ, ವಿಷಯ ಜಡತ್ವ. ಆ ಹುಡುಗ “ಸರ್, ಈ ಚಿತ್ರಾ ತೆಗೀಬೇಕೇನ್ರಿ?” ಎಂದು ಮೂರು ಸಲ ಕೇಳಿದ. ನನ್ನ ದಿನಚರಿಯಲ್ಲಿ ಅವನ ಬಗ್ಗೆ ‘ಪಾಠದ ಕಡೆ ಗಮನವಿಲ್ಲ’ ಎಂದು ಬರೆದುಕೊಂಡೆ. ಅವಧಿ ಮುಗಿಯುವುದರೊಳಗೆ ಅವನು ವಾಂತಿ ಮಾಡಿಕೊಂಡ. ಮುಖ್ಯೋಪಾಧ್ಯಾಯರು ತಂದೆಯನ್ನು ಕರೆಸಿ ಆಸ್ಪತ್ರೆಗೆ ಕಳುಹಿಸಿದರು. ವೈದ್ಯರು ಅದನ್ನು ಕನ್ಕಷನ್ ಎಂದರು. ಹುಡುಗ ಈಗ ಚೆನ್ನಾಗಿದ್ದಾನೆ. ಆದರೆ ನಾನು ಮಾಡಿದ್ದು ತಪ್ಪು, ಬರೆದದ್ದೂ ತಪ್ಪು.

ಕನ್ಕಷನ್ ಎಂದರೇನು?

ಓಡುವ ಬಸ್ಸು ಗಕ್ಕನೆ ಬ್ರೇಕ್ ಹಾಕಿದರೆ ಪ್ರಯಾಣಿಕರು ಮುಂದಕ್ಕೆ ವಾಲುತ್ತಾರೆ ಎಂಬ ಉದಾಹರಣೆಯನ್ನು ಅದೇ ಪಾಠದಲ್ಲಿ ಕೊಟ್ಟಿದ್ದೆ. ತಲೆಬುರುಡೆಯೊಳಗೆ ದ್ರವದ ನಡುವೆ ಇರುವ ಮಿದುಳಿಗೂ ಇದೇ ನಿಯಮ. ತಲೆ ಬಡಿದು ನಿಂತಾಗ ಮಿದುಳು ಒಳಗೆ ಅಲುಗಾಡುತ್ತದೆ. ನರಕೋಶಗಳ ಕೆಲಸ ಕೆಲಕಾಲ ಏರುಪೇರಾಗುತ್ತದೆ. ಇದಕ್ಕೆ ಗಾಯವಾಗಬೇಕಿಲ್ಲ. ಬಹುತೇಕರಿಗೆ ಎಚ್ಚರ ತಪ್ಪುವುದಿಲ್ಲ. ಸಿಟಿ ಸ್ಕ್ಯಾನ್‌ನಲ್ಲೂ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ತಲೆನೋವು, ತಲೆಸುತ್ತು, ಮಂಕು, ಬೆಳಕು ಸಹಿಸದಿರುವುದು, ಕೇಳಿದ್ದನ್ನೇ ಕೇಳುವುದು ಇದರ ಲಕ್ಷಣಗಳು. ಕೆಲವು ಲಕ್ಷಣಗಳು ಗಂಟೆಗಟ್ಟಲೆ ತಡವಾಗಿ ಕಾಣಿಸಬಹುದು. ಗುಣವಾಗುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ, ಅಪರೂಪಕ್ಕಾದರೂ, ಮಿದುಳು ಊದಿಕೊಂಡು ಪ್ರಾಣವೇ ಹೋಗಬಹುದು.

ಬೇರೆಡೆ ಕಾನೂನು ಏನು ಹೇಳುತ್ತದೆ?

2006ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 13 ವರ್ಷದ ಜ್ಯಾಕರಿ ಲೈಸ್ಟೆಡ್ ಶಾಲಾ ಫುಟ್‌ಬಾಲ್ ಪಂದ್ಯದಲ್ಲಿ ತಲೆಗೆ ಪೆಟ್ಟು ತಿಂದು, ಸ್ವಲ್ಪ ಹೊತ್ತಿನ ನಂತರ ಅದೇ ಪಂದ್ಯಕ್ಕೆ ಮರಳಿದ. ಪಂದ್ಯ ಮುಗಿಯುತ್ತಲೇ ಕುಸಿದುಬಿದ್ದ. ಬದುಕಿದರೂ ದೀರ್ಘಕಾಲದ ಅಂಗವೈಕಲ್ಯ ಉಳಿಯಿತು. 2009ರಲ್ಲಿ ಆ ರಾಜ್ಯ ಅವನ ಹೆಸರಿನಲ್ಲಿ ಕಾಯ್ದೆ ತಂದಿತು. ಅದರ ಮುಖ್ಯ ಅಂಶಗಳು ಮೂರು: ಪ್ರತಿವರ್ಷ ಪಾಲಕರಿಗೂ ಆಟಗಾರರಿಗೂ ಮಾಹಿತಿ ಪತ್ರ ಕೊಟ್ಟು ಸಹಿ ಪಡೆಯಬೇಕು, ಅನುಮಾನ ಬಂದ ಕೂಡಲೇ ಮಗುವನ್ನು ಆಟದಿಂದ ಹೊರಗಿಡಬೇಕು, ವೈದ್ಯಕೀಯ ತರಬೇತಿ ಪಡೆದವರ ಲಿಖಿತ ಅನುಮತಿಯಿಲ್ಲದೆ ಮರಳಿ ಆಡಿಸಬಾರದು. 2014ರ ಹೊತ್ತಿಗೆ ಅಮೆರಿಕದ 50 ರಾಜ್ಯಗಳಲ್ಲೂ ಇಂಥ ಕಾಯ್ದೆಗಳು ಬಂದಿದ್ದವು. ಕೆನಡಾದಲ್ಲಿ 17 ವರ್ಷದ ರೋವನ್ ಸ್ಟ್ರಿಂಗರ್ 2013ರಲ್ಲಿ ರಗ್ಬಿ ಆಡುವಾಗ ಕೆಲವೇ ದಿನಗಳಲ್ಲಿ ಮತ್ತೆ ಮತ್ತೆ ಪೆಟ್ಟಾಗಿ ತೀರಿಕೊಂಡಳು. 2018ರಲ್ಲಿ ಒಂಟಾರಿಯೊ ಪ್ರಾಂತ್ಯ ಅವಳ ಹೆಸರಿನ ಕಾಯ್ದೆ ಮಾಡಿತು.

ನಮ್ಮಲ್ಲಿ?

ಭಾರತದಲ್ಲಿ ಶಾಲಾ ಮಕ್ಕಳ ಕನ್ಕಷನ್‌ಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಶಾಲೆಗೆ ಆಟದ ಮೈದಾನ, ಆಟದ ಸಾಮಗ್ರಿ ಇರಬೇಕೆನ್ನುತ್ತದೆ. ಆ ಮೈದಾನದಲ್ಲಿ ಮಗುವಿನ ತಲೆಗೆ ಪೆಟ್ಟಾದರೆ ಮಾಡಬೇಕಾದ್ದನ್ನು ಹೇಳುವುದಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದ 2021ರ ಶಾಲಾ ಸುರಕ್ಷತಾ ಮಾರ್ಗಸೂಚಿ ವೈದ್ಯಕೀಯ ನೆರವು ಕೊಡಲು ತಡಮಾಡುವುದನ್ನು ನಿರ್ಲಕ್ಷ್ಯವೆಂದು ಎಣಿಸುತ್ತದೆ. ಆದರೆ ನೆರವು ಬೇಕಾಗಿದೆ ಎಂದು ಗುರುತಿಸುವುದು ಮೈದಾನದಲ್ಲಿರುವ ಶಿಕ್ಷಕರ ಕೆಲಸ. ನಾನು ಅದನ್ನು ಮಗುವಿನ ಮಾತಿಗೇ ಬಿಟ್ಟೆ. ಕ್ರೀಡಾಕೂಟದ ತಂಡದಿಂದ ಹೆಸರು ಬಿಟ್ಟುಹೋಗುವ ಭಯವಿರುವ ಹುಡುಗ ‘ಏನೂ ಆಗಿಲ್ಲ’ ಎನ್ನದೆ ಇನ್ನೇನು ಹೇಳಿಯಾನು?

ಪ್ರಶಿಕ್ಷಣಾರ್ಥಿಗಳು ಮಾಡಬಹುದಾದದ್ದು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ನಾವು ಕಾಯ್ದೆಗಾಗಿ ಕಾಯಬೇಕಿಲ್ಲ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಇಷ್ಟನ್ನು ಪಾಲಿಸಬಹುದು.

1. ತಲೆಗೆ ಪೆಟ್ಟಾಗಿ ಅನುಮಾನ ಬಂದರೆ ಆ ದಿನ ಮತ್ತೆ ಆಟ ಬೇಡ. ಮಗುವನ್ನು ಒಂಟಿಯಾಗಿ ಬಿಡಬಾರದು, ವೈದ್ಯರಿಗೆ ತೋರಿಸಬೇಕು.
2. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಫಿಟ್ಸ್, ಕೈಕಾಲು ನಿಶ್ಶಕ್ತಿ, ಕುತ್ತಿಗೆ ನೋವು, ಎಚ್ಚರ ತಪ್ಪುವುದು – ಇವುಗಳಲ್ಲಿ ಒಂದು ಕಂಡರೂ ತಕ್ಷಣ 108ಕ್ಕೆ ಕರೆ ಮಾಡಬೇಕು.
3. ಪಾಲಕರಿಗೆ ಅದೇ ದಿನ ಫೋನ್ ಮಾಡಿ ತಿಳಿಸಬೇಕು. ಹೊಲದ ಕೆಲಸ ಮುಗಿಸಿ ಸಂಜೆ ಮನೆಗೆ ಬರುವ ತಂದೆತಾಯಿಗೆ, ರಾತ್ರಿ ಏನನ್ನು ಗಮನಿಸಬೇಕೆಂದು ಗೊತ್ತಿರಬೇಕು.
4. ಮೊದಲ ಒಂದೆರಡು ದಿನ ವಿಶ್ರಾಂತಿ, ನಂತರ ನಿಧಾನವಾಗಿ ತರಗತಿ, ಕೊನೆಗೆ ಮೈದಾನ. ಆಟಕ್ಕೆ ಮರಳಲು ವೈದ್ಯರ ಚೀಟಿ ಬೇಕು. ಅಲ್ಲಿಯವರೆಗೆ ಮನೆಗೆಲಸ, ಕಿರುಪರೀಕ್ಷೆಗಳಲ್ಲಿ ರಿಯಾಯಿತಿ ಕೊಡಬೇಕು.

ನಾಲ್ಕನೆಯದು ವಿಷಯ ಶಿಕ್ಷಕರಾದ ನಮಗೆ ನೇರವಾಗಿ ಸಂಬಂಧಿಸಿದ್ದು. ಪೆಟ್ಟಾದ ಮಗು ಪಾಠದಲ್ಲಿ ಹಿಂದೆ ಬಿದ್ದಂತೆ, ಉದಾಸೀನ ಮಾಡಿದಂತೆ ಕಾಣಬಹುದು. ನನ್ನ ದಿನಚರಿಯ ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ತಲೆಗೆ ಪೆಟ್ಟಾಗಿತ್ತು, ನಾನು ಗಮನಿಸಲಿಲ್ಲ’ ಎಂದು ಬರೆದು ಮಾರ್ಗದರ್ಶಕರ ಸಹಿ ಪಡೆದಿದ್ದೇನೆ.